ವಾದದಲ್ಲಿ ಗೆದ್ದ ಕಾಲುದಾರಿ

ಬೆಳಗ್ಗೆ ಏಳು ಗಂಟೆಗೆ ನನ್ನ ಫೋನು ನಾನು ಕೆರೆಯ ನಟ್ಟನಡುವೆ ನಿಂತಿದ್ದೇನೆ ಎಂದು ತೋರಿಸಿತು. ನಾನು ನಿಂತಿದ್ದದ್ದು ರಾಗಿ ಹೊಲದ ಬದುವಿನ ಮೇಲೆ. ಷೂ, ಕಾಲುಚೀಲ, ಮೊಣಕಾಲವರೆಗಿನ ಪ್ಯಾಂಟು ಎಲ್ಲ ತೊಯ್ದಿದ್ದವು ನಿಜ, ಆದರೆ ಅದು ಇಬ್ಬನಿಯಿಂದ. ನನ್ನ ಲೆಕ್ಕದಲ್ಲಿ ಕೆರೆ ಎಡಗಡೆ ಇರಬೇಕಿತ್ತು. ಕೊಕ್ಕರೆಗಳು ಬಲಗಡೆಯಿಂದ ಏಳುತ್ತಿದ್ದವು.

“ಕೊಕ್ಕರೆ ಸುಳ್ಳು ಹೇಳಲ್ಲ, ಲಾಯರಮ್ಮ. ಕೆರೆ ಬಲಗಡೆನೇ ಇದೆ,” ಎಂದರು ನನ್ನ ಜೊತೆಗಿದ್ದ ಸರ್ವೆಯರ್.

ನಾನು ಕಾನೂನು ಓದಿದವಳಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಅಷ್ಟೇ. ಆದರೆ ಅರಸೀಕೆರೆ ರೈಲ್ವೆ ನಿಲ್ದಾಣದ ಎದುರು ಭೇಟಿಯಾದ ಮೊದಲ ಅರ್ಧ ಗಂಟೆಯಲ್ಲೇ ಅವರೊಂದಿಗೆ ಮೂರು ವಿಷಯಕ್ಕೆ ವಾದ ಮಾಡಿದ್ದೆನಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅವರು ಬೇಲೂರಿನವರು, ನಿವೃತ್ತರು, ಸುತ್ತಮುತ್ತಲ ತಾಲ್ಲೂಕುಗಳ ಜಮೀನು ಅಳೆದೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಗ್ರಾಮ ನಕ್ಷೆಗಳ ನಕಲುಗಳನ್ನು ಸುತ್ತಿ ಒಂದು ಪೈಪಿನೊಳಗೆ ತುರುಕಿ ಹೆಗಲಿಗೆ ನೇತುಹಾಕಿಕೊಂಡು ನಡೆಯುತ್ತಿದ್ದರು.

ನಮ್ಮ ಕೆಲಸ ಕಾಗದದ ಮೇಲೆ ಸುಲಭವಾಗಿತ್ತು. ಅರಸೀಕೆರೆಯಿಂದ ಹೊರಟು ಹಾರನಹಳ್ಳಿ, ಜಾವಗಲ್, ಹಳೇಬೀಡು ಮುಟ್ಟಿ ಬೇಲೂರಿನಲ್ಲಿ ಮುಗಿಯುವ ನಾಲ್ಕು ದಿನದ ನಡಿಗೆ ದಾರಿಯೊಂದನ್ನು ಗುರುತು ಮಾಡಿಕೊಡಬೇಕು. ಹಾಸನದ ಒಂದು ಸಣ್ಣ ಸಂಸ್ಥೆ ನಮ್ಮಿಬ್ಬರನ್ನು ಇದಕ್ಕಾಗಿ ಗೊತ್ತುಮಾಡಿತ್ತು. ಆದಷ್ಟೂ ಟಾರು ಬಿಟ್ಟು ನಡೆಯಬೇಕು. ದಾರಿ ಕವಲೊಡೆದಲ್ಲೆಲ್ಲ ಒಂದು ಹಳದಿ ಚುಕ್ಕೆ, ಐವತ್ತು ಹೆಜ್ಜೆಯಾದ ಮೇಲೆ ಇನ್ನೊಂದು. ಎರಡನೆಯದು ದಾರಿ ತೋರಿಸುವುದಕ್ಕಲ್ಲ, ನಡೆಯುವವನ ಎದೆಬಡಿತ ಇಳಿಸುವುದಕ್ಕೆ. ಕೆತ್ತನೆಯ ಕಲ್ಲಿಗೆ, ದೇವಸ್ಥಾನದ ಗೋಡೆಗೆ ಬಣ್ಣ ತಾಗಿಸಕೂಡದು. ನೀರು ಎಲ್ಲಿ, ನೆರಳು ಎಲ್ಲಿ, ನಾಯಿ ಎಲ್ಲಿ ಎಂದು ಪುಸ್ತಕದಲ್ಲಿ ಬರೆಯಬೇಕು. ಬೇಲೂರು ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು, ಏಕೆಂದರೆ ಹೋಗುವಾಗ ಕಂಡ ಕವಲು ಬರುವಾಗ ಕಾಣುವುದಿಲ್ಲ. ಮೊದಲ ತಂಡ ಎರಡು ವಾರದಲ್ಲಿ ನಡೆಯಲು ಬರುವುದಿತ್ತು.

ಕಾಗದದ ಹೊರಗೆ, ಎರಡನೆಯ ದಿನವೇ, ದಾರಿ ಎಂದರೆ ಏನೆಂಬುದೇ ನನಗೆ ತಿಳಿಯದಂತಾಗಿತ್ತು. ಬೈಕಿನವನೊಬ್ಬ “ನೆಟ್ಟಗೆ ಹೋಗಿ” ಎಂದ; ನೆಟ್ಟಗೆ ಹೋದರೆ ಬೇಲಿ. ಕುರಿ ಕಾಯುವವರು “ಹಿಂದುಕ್ ಬನ್ನಿ, ಮುಂದುಕ್ ಬಂದ್ಬುಟ್ಟಿದೀರಿ” ಎಂದರು. ರಾಗಿ ಕೊಯ್ಯುತ್ತಿದ್ದ ಹೆಂಗಸೊಬ್ಬರು ಕುಡುಗೋಲು ಎತ್ತಿ ಹೊಲದ ನಡುವೆ ತೋರಿಸಿ, “ದಾರಿ ಇಲ್ಲೇ ಐತೆ. ರಾಗಿ ಕುಯ್ದ್ ಮೇಲೆ ಬತ್ತದೆ,” ಎಂದರು.

“ಈಗ ಇದೆಯೋ ಇಲ್ಲವೋ?” ಎಂದೆ ನಾನು.

“ಐತೆ ಅಂದ್ನಲ್ಲವ್ವ. ಕಾಣಾಕಿಲ್ಲ ಅಷ್ಟೇಯ.”

ಇದನ್ನು ಪುಸ್ತಕದ ಯಾವ ಕಾಲಮಿನಲ್ಲಿ ಬರೆಯುವುದು? ನಾನು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ನಡೆದೆ. ಆ ಪುಟದಲ್ಲಿ ಅದು ಆರನೆಯ ಪ್ರಶ್ನಾರ್ಥಕ ಚಿಹ್ನೆ.

ಕೆರೆಯ ಏರಿಯ ಮೇಲೆ ಹೋಗೋಣವೆಂದರೆ ಕೋಡಿ ಬಿದ್ದು ನೀರು ರಭಸದಿಂದ ಹರಿಯುತ್ತಿತ್ತು. ಇನ್ನುಳಿದದ್ದು ಟಾರು ರಸ್ತೆ. ಕೆರೆಯನ್ನೆಲ್ಲ ಬಳಸಿ, ಜಲ್ಲಿ ಲಾರಿಗಳ ನಡುವೆ. ಅಲ್ಲೇ ನಿಂತು ಫೋನು ಅಲ್ಲಾಡಿಸುತ್ತಿದ್ದಾಗ ಹಾಲಿನ ಕ್ಯಾನು ಹೊತ್ತ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಮ್ಮನ್ನು ದಾಟಿ ಹೋದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು.

“ಊರಿಗೋ? ಬನ್ನಿ ಮತ್ತೆ. ನಿಂತ್ಕಂಡ್ರೆ ಊರೇನ್ ಇಲ್ಲಿಗ್ ಬತ್ತದಾ?”

ಅವರ ಹಿಂದೆ ನಡೆದೆವು. ತೆಂಗಿನ ತೋಟವೊಂದರ ಬೇಲಿಯಲ್ಲಿ ಎರಡು ಕಲ್ಲುಕಂಬಗಳ ನಡುವೆ ಒಂದು ಸಂದು ಇತ್ತು. ಮನುಷ್ಯ ಅಡ್ಡ ತಿರುಗಿದರೆ ನುಸುಳಬಹುದು, ದನ ನುಸುಳಲಾರದು, ಅಷ್ಟೇ ಅಗಲ. ಆಕೆ ಮೊದಲು ಕ್ಯಾನನ್ನು ಆಚೆ ಇಟ್ಟು, ಆಮೇಲೆ ತಾವು ನುಸುಳಿದರು. ಒಳಗೆ ತಣ್ಣಗಿನ ನೆರಳು, ಗರಿಯ ಸದ್ದು, ಕಾಲಿಗೆ ಮೆತ್ತನೆಯ ಮಣ್ಣು. ಹತ್ತೇ ನಿಮಿಷದಲ್ಲಿ ತೋಟ ದಾಟಿ ಊರು ಮುಟ್ಟಿದೆವು. ಆವತ್ತಿನವರೆಗೆ ಸಿಕ್ಕ ಅತ್ಯಂತ ಚೆಂದದ ಹತ್ತು ನಿಮಿಷ.

ದಾರಿಯಲ್ಲಿ ಮಾತಾಡುತ್ತ ತಿಳಿದದ್ದಿಷ್ಟು. ಆಕೆಯ ಮನೆ ಕೆರೆಯ ಆಚೆ ದಂಡೆಯಲ್ಲಿ. ಎರಡು ಹಸು. ಬೆಳಗ್ಗೆ, ಸಂಜೆ ಊರಿನ ಡೇರಿಗೆ ಹಾಲು. ಬೆಳಗ್ಗೆ ಎಂಟಕ್ಕೆ ಡೇರಿ ಮುಚ್ಚುತ್ತದೆ, ಹಾಲಿನ ಗಾಡಿ ಹೊರಟುಹೋಗುತ್ತದೆ. ಟಾರು ರಸ್ತೆಯಲ್ಲಿ ಬಂದರೆ ಮುಕ್ಕಾಲು ಗಂಟೆ.

“ಮುಂಚೆ ಹೊರಟರೆ ಆಯ್ತಲ್ಲ?” ಎಂದೆ. ಎದುರು ಪಕ್ಷದ ದುರ್ಬಲ ಕೊಂಡಿ ಹುಡುಕುವುದು ನನಗೆ ಉಸಿರಾಟವಿದ್ದಂತೆ.

“ನಾನ್ ಎದ್ದೇಳ್ಬೋದು ಕಣವ್ವ. ಹಸ ಕೇಳ್ಬೇಕಲ್ಲ. ಮಂಡಿನೂ ಕೇಳ್ಬೇಕು.”

ಅಲ್ಲಿ ನಾನು ಮೊದಲ ತಪ್ಪು ಮಾಡಿದೆ. ತಪ್ಪೆಂದು ಆಗ ಅನ್ನಿಸಲಿಲ್ಲ, ಶಿಸ್ತು ಎನ್ನಿಸಿತು. ಈ ತೋಟದಲ್ಲಿ ಎಷ್ಟು ವರ್ಷದಿಂದ ನಡೆಯುತ್ತಿದ್ದೀರಿ ಎಂದು ಕೇಳಿದೆ. ಮದುವೆಯಾಗಿ ಬಂದಾಗಿನಿಂದ, ಇಪ್ಪತ್ತೆಂಟು ವರ್ಷ ಎಂದರು. ಅದನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿಸಿಕೊಂಡೆ. ಸಂಸ್ಥೆ ಹಾಗೆ ಮಾಡಲು ಹೇಳಿರಲಿಲ್ಲ. ಆಧಾರವಿಲ್ಲದ ಮಾತು ನನಗಾಗದು. ನಮ್ಮ ಮೇಲ್ವಿಚಾರಕಿ ಕರಪತ್ರದಲ್ಲಿ ‘ರಾಜರು ನಡೆದ ದಾರಿ’ ಎಂದು ಬರೆದಿದ್ದಕ್ಕೆ “ಯಾವ ರಾಜ, ಎಂದು, ಯಾವ ಆಧಾರ?” ಎಂದು ಕೇಳಿ ಆ ಸಾಲನ್ನು ತೆಗೆಸಿದ್ದವಳು ನಾನು. ಇಲ್ಲಿ ಕಣ್ಣೆದುರೇ ಆಧಾರ ಸಿಕ್ಕಿತ್ತು. ಆಮೇಲೆ ಹಿಂದಕ್ಕೆ ಹೋಗಿ ಸಂದಿನ ಕಲ್ಲುಕಂಬಕ್ಕೆ ಒಂದು ಹಳದಿ ಚುಕ್ಕೆಯನ್ನೂ ಇಟ್ಟು ಬಂದೆ.

“ಕಂಬ ಬೇರೆಯವರದು,” ಎಂದರು ಸರ್ವೆಯರ್.

“ಅವರನ್ನೇ ಕೇಳೋಣ ಬನ್ನಿ.”

ತೋಟದ ಯಜಮಾನರು ಊರ ಬದಿಯ ತಮ್ಮ ಕೊಬ್ಬರಿ ಅಂಗಳದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಹಣೆಯಲ್ಲಿ ಅಗಲವಾದ ವಿಭೂತಿ, ಕೈಯಲ್ಲಿ ಓದಿ ಮಡಿಸಿದ ಪೇಪರು. ಎದುರಿಗೆ ಮೂವರು ಆಳುಗಳು ಕಬ್ಬಿಣದ ಗೂಟಕ್ಕೆ ಕಾಯಿ ಹಾಕಿ ಸುಲಿಯುತ್ತಿದ್ದರು. ನಾವು ಬಂದದ್ದೇ ತಡ, ಕೂರಿಸಿ, ಎಳನೀರು ಕೆತ್ತಿಸಲು ಹೇಳಿದರು. ನಡಿಗೆ ದಾರಿಯ ವಿಷಯ ಹೇಳಿದೆ.

“ಓಡಾಡ್ಲಿ ಬಿಡಿ. ಯಾರು ಬ್ಯಾಡ ಅಂದೋರು? ವರ್ಷಕ್ಕೆ ನಾಕು ತಂಡ ಬಂದ್ರೆ ನಮ್ಮ ತೋಟ ಸವೆದುಹೋಗಲ್ಲ.”

“ಹಾಗಾದ್ರೆ ಒಂದು ಸಹಿ ಹಾಕಿಕೊಡಿ ಯಜಮಾನ್ರೇ, ಇದು ಸಾರ್ವಜನಿಕ ದಾರಿ ಅಂತ.”

“ಓಡಾಡಿ ಅಂದೆ. ಸಾರ್ವಜನಿಕ ಅಂದ್ನಾ?”

“ಎರಡಕ್ಕೂ ಏನು ವ್ಯತ್ಯಾಸ?”

“ನಿಮಗೆ ಗೊತ್ತಿಲ್ವಾ?”

ಸರ್ವೆಯರ್ ಪೈಪು ಕುಟ್ಟಿ ಎದ್ದು ನಿಂತರು. ಹೊರಡೋಣ ಎಂಬ ಸೂಚನೆ. ನಾನು ನೋಡದಂತಿದ್ದೆ.

“ಆ ಹಾಲಿನ ಅಕ್ಕ ಇಪ್ಪತ್ತೆಂಟು ವರ್ಷದಿಂದ ಓಡಾಡ್ತಿದ್ದಾರೆ. ಬರೆದು ಸಹಿ ಹಾಕಿದ್ದಾರೆ, ನೋಡಿ. ಇಪ್ಪತ್ತು ವರ್ಷ ಯಾರೂ ತಡೆಯದೆ ನಡೆದರೆ ಕಾನೂನಲ್ಲಿ ಅದು ಹಕ್ಕು. ನೀವು ಯಾವತ್ತಾದರೂ ತಡೆದಿದ್ದೀರಾ?”

“ನಾನ್ಯಾಕೆ ತಡೀಲಿ?”

“ಅಂದರೆ ತಡೆದಿಲ್ಲ.”

“ಇಲ್ಲ.”

“ಹಾಗಾದ್ರೆ ಒಪ್ಪಿಕೊಂಡ ಹಾಗಾಯ್ತಲ್ಲ!”

ಕಾಯಿ ಸುಲಿಯುತ್ತಿದ್ದವರಲ್ಲಿ ಒಬ್ಬ, “ಸಿಕ್ಕಾಕ್ಕಂಡ್ರಲ್ಲ ಯಜಮಾನ್ರೇ!” ಎಂದು ಕೂಗಿ ನಕ್ಕ. ಉಳಿದಿಬ್ಬರೂ ನಕ್ಕರು. ಯಜಮಾನರೂ ನಕ್ಕರು, ಆದರೆ ನಗು ಅರ್ಧಕ್ಕೇ ನಿಂತಿತು. ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ಎರಡು ಸಲ ಓದಿ ವಾಪಸು ಕೊಟ್ಟರು.

“ಎಳನೀರು ಕುಡೀರಿ. ಬಿಸ್ಲೇರ್ತದೆ, ನಿಮಗೆ ದೂರ ಹೋಗ್ಬೇಕು,” ಎಂದರು.

ಆ ಸಹಿ ಸಿಗಲಿಲ್ಲ. ಆದರೂ ಅಲ್ಲಿಂದ ಹೊರಟಾಗ ನನ್ನ ಬೆನ್ನಚೀಲ ಹಗುರವಾಗಿತ್ತು. ವಾದ ಗೆದ್ದಿದ್ದೆ, ನಕ್ಕವರೇ ತೀರ್ಪುಗಾರರು. ದಾರಿಯಲ್ಲೇ ಮೇಲ್ವಿಚಾರಕಿಗೆ ಫೋನು ಮಾಡಿ, ಅಲ್ಲಿ ದಾರಿ ಇದೆ, ಹಕ್ಕಾಗಿಯೇ ಇದೆ ಎಂದು ಅರ್ಧ ಗಂಟೆ ವಿವರಿಸಿದೆ. ಸರ್ವೆಯರ್ ಜಾವಗಲ್ ಮುಟ್ಟುವವರೆಗೂ ಹವಾಮಾನದ ಬಗ್ಗೆ ಮಾತ್ರ ಮಾತಾಡಿದರು.

ಮುಂದಿನ ದಿನಗಳೆಲ್ಲ ಕಾಲಿನ ಪಾಡು. ಬೆಳಗ್ಗೆ ಐದೂವರೆಗೆ ಎದ್ದು, ಹಿಮ್ಮಡಿಯ ಬೊಬ್ಬೆಗೆ ಪಟ್ಟಿ ಸುತ್ತಿ, ಒಣಗದ ಕಾಲುಚೀಲಕ್ಕೆ ಪೌಡರು ಉದುರಿಸಿ ಹೊರಡುವುದು. ಹತ್ತರೊಳಗೆ ಅರ್ಧ ದಾರಿ ಮುಗಿಸದಿದ್ದರೆ ಬಿಸಿಲು ಉಳಿದರ್ಧವನ್ನು ಎರಡರಷ್ಟು ಮಾಡುತ್ತದೆ. ಸಿಕ್ಕಲ್ಲಿ ಮುದ್ದೆ, ಅವರೆಕಾಳಿನ ಸಾರು. ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಮಲಗುವುದು. ಹಳೇಬೀಡಿನಲ್ಲಿ ನಮ್ಮ ದಾರಿ ದೇವಸ್ಥಾನದ ಬೇಲಿಯ ಹೊರಗೆ ಬಂದು ನಿಂತು ಮಾಯವಾಯಿತು. ಪ್ರವಾಸಿ ಬಸ್ಸುಗಳ ನಡುವೆ ಹಳದಿ ಚುಕ್ಕೆ ಎಲ್ಲಿಡುವುದೆಂದು ತಿಳಿಯದೆ ಒಂದು ಗಂಟೆ ಸುತ್ತಿದೆ. ಬೇಲೂರಿನ ಹತ್ತಿರ ಎರಡು ದಾರಿಗಳಲ್ಲಿ ಯಾವುದು ಹಳೆಯದೆಂದು ಇಬ್ಬರು ಅಣ್ಣತಮ್ಮಂದಿರು ನಮ್ಮೆದುರೇ ಜಗಳಕ್ಕೆ ನಿಂತರು. ಸರ್ವೆಯರ್ ನಕ್ಷೆ ಬಿಚ್ಚಿ ತೋರಿಸಿದರೆ ಮೂರನೆಯದೊಂದು ಇತ್ತು, ಅದರ ಮೇಲೆ ಒಂದು ಕಲ್ಯಾಣ ಮಂಟಪ ಕಟ್ಟಿದ್ದರು. ಯಗಚಿಯ ಸೇತುವೆಯ ಮೇಲೆ ನಿಂತಾಗ ನನ್ನ ಪುಸ್ತಕದಲ್ಲಿ ಖಚಿತವೆಂದು ಬರೆದ ಜಾಗಗಳಿಗಿಂತ ಪ್ರಶ್ನಾರ್ಥಕ ಚಿಹ್ನೆಗಳೇ ಹೆಚ್ಚಿದ್ದವು. ಆ ತೋಟದ ಹತ್ತು ನಿಮಿಷಕ್ಕೆ ಮಾತ್ರ ಎರಡು ಗೆರೆ ಎಳೆದು ‘ನಿಶ್ಚಿತ’ ಎಂದು ಬರೆದಿದ್ದೆ.

ಹಿಮ್ಮುಖ ನಡಿಗೆಯಲ್ಲಿ ಆ ಊರನ್ನು ಮುಟ್ಟಿದಾಗ ಬೆಳಗಿನ ಎಂಟೂಕಾಲು. ಡೇರಿಯ ಶಟರು ಎಳೆದಿತ್ತು. ಟಾರು ರಸ್ತೆಯ ತಿರುವಿನಲ್ಲಿ ಹಾಲಿನ ಅಕ್ಕ ಕುಂಟುತ್ತ ಬರುತ್ತಿದ್ದರು. ಮುಚ್ಚಿದ ಶಟರು ನೋಡಿ, ಕ್ಯಾನು ಕೆಳಗಿಟ್ಟು, ಕಟ್ಟೆಯ ಮೇಲೆ ಕುಳಿತರು.

“ಈ ಕಡೆಯಿಂದ ಯಾಕೆ ಬಂದ್ರಿ ಅಕ್ಕ?”

“ಬೇಲಿ ಹಾಕವ್ರೆ ಕಣವ್ವ. ನೀವು ಹೋದ್ ಮಾರ್ನೆ ದಿನವೇ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಉತ್ತರ ಕೊಡಬಹುದಿತ್ತು. ನಾನು ಕ್ಯಾನು ಎತ್ತಿಕೊಂಡೆ, ಮೂವರೂ ಅವರ ಮನೆಯ ಕಡೆ ಟಾರು ರಸ್ತೆಯಲ್ಲಿ ನಡೆದೆವು. ಲಾರಿಗಳು ಹಾರ್ನು ಹೊಡೆದು ನಮ್ಮನ್ನು ಮಣ್ಣಿಗಿಳಿಸುತ್ತಿದ್ದವು. ತುಂಬಿದ ಕ್ಯಾನು ಎಷ್ಟು ಭಾರವೆಂದು ಮೊದಲ ಹತ್ತು ನಿಮಿಷದಲ್ಲಿ ತಿಳಿಯಿತು. ಉಳಿದ ಮೂವತ್ತೈದು ನಿಮಿಷ ಹೊಸದೇನೂ ತಿಳಿಯಲಿಲ್ಲ, ಭುಜ ಮಾತ್ರ ಇಳಿಯುತ್ತಿತ್ತು. ಸಂದಿನ ಹತ್ತಿರ ನಿಂತು ನೋಡಿದೆ. ಎರಡು ಕಂಬಗಳ ನಡುವೆ ಐದು ಸುತ್ತು ಮುಳ್ಳುತಂತಿ. ನನ್ನ ಹಳದಿ ಚುಕ್ಕೆಯನ್ನು ಮಚ್ಚಿನಿಂದ ಹೆರೆದಿದ್ದರು.

ಮನೆಯಲ್ಲಿ ಆಕೆ ಹಾಲು ಕಾಯಲಿಟ್ಟು ಬಂದು ನಮಗೆ ಮಜ್ಜಿಗೆ ಕೊಟ್ಟರು. ಸರ್ವೆಯರ್ ಜಗಲಿಯ ಮೇಲೆ ನಕ್ಷೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟರು. ಎರಡು ಸಾಲು ತುಂಡುಗೆರೆ ಎಂದರೆ ಬಂಡಿದಾರಿ, ಒಂದೇ ಸಾಲು ಎಂದರೆ ಕಾಲುದಾರಿ. ಬಂಡಿದಾರಿಯೊಂದು ಕೆರೆಯ ಏರಿಯ ಮೇಲೆ ಹೋಗುತ್ತಿತ್ತು, ಈಗ ಕೋಡಿ ಹರಿಯುವ ಜಾಗದಲ್ಲಿ. ತೋಟದ ಸರ್ವೆ ನಂಬರಿನೊಳಗೆ ಒಂದೂ ಗೆರೆ ಇರಲಿಲ್ಲ.

“ನಕ್ಷೆಯಲ್ಲಿ ಇಲ್ಲ ಅನ್ನೋದು ನಿಮಗೆ ಆವತ್ತೇ ಗೊತ್ತಿತ್ತಾ?” ಎಂದೆ.

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಗೆಲ್ತಾ ಇದ್ದೆಯಲ್ಲಮ್ಮ, ನಡುವೆ ಹೇಗೆ ಬಾಯಿ ಹಾಕೋದು?”

ಇಪ್ಪತ್ತೆಂಟು ವರ್ಷದ ಬಳಕೆಯಿದೆ, ಸಹಿಯಿದೆ, ತಹಶೀಲ್ದಾರರಿಗೆ ಅರ್ಜಿ ಹಾಕೋಣ ಎಂದೆ.

“ಹಾಕು. ಸ್ಥಳ ಪರಿಶೀಲನೆಗೆ ಬರ್ತಾರೆ. ನಾನೇ ಎಷ್ಟು ಪರಿಶೀಲನೆ ಮಾಡಿದ್ದೀನಿ! ನಾವು ಬರೋ ಹೊತ್ತಿಗೆ ಈ ಹಸು ಎರಡು ಸಲ ಈದಿರುತ್ತೆ.”

ಹಸು ಈಯುವ ಮಾತು ಬಂದದ್ದಕ್ಕೋ ಏನೋ, ಅಕ್ಕ ಒಳಗಿಂದಲೇ ಹೇಳಿದರು. “ಹಸ ಈದಾಗ ಮೊದ್ಲ ಗಿಣ್ಣು ಅವ್ರ ಮನೆಗೆ ಕೊಡ್ತಿದ್ವಿ. ನಮ್ಮತ್ತೆ ಕಾಲ್ದಿಂದ್ಲೂವ. ಅವ್ರೂ ಬರೀ ಪಾತ್ರೆ ವಾಪಸ್ ಕೊಟ್ಟೋರಲ್ಲ, ಎರಡು ಕಾಯಿ ಹಾಕೇ ಕೊಡೋರು. ಈಗ ಈ ಕೆಂದಿ ಬರೋ ತಿಂಗ್ಳು ಈಯ್ತಾಳೆ. ಕೊಡಾದೋ ಬ್ಯಾಡ್ವೋ?”

ಕೆಂದಿ ಎಂಬ ಹಸು ಕೊಟ್ಟಿಗೆಯಿಂದ ನನ್ನನ್ನೇ ನೋಡುತ್ತಿತ್ತು. ನನ್ನ ತಲೆ ಅಭ್ಯಾಸಬಲದಿಂದ ಕೆಲಸ ಶುರುಮಾಡಿತು. ಗಿಣ್ಣು ಕೊಟ್ಟದ್ದು ಆಕೆ ಅನುಮತಿ ಪಡೆದು ನಡೆದದ್ದಕ್ಕೆ ಸಾಕ್ಷಿ. ಅನುಮತಿ ಇದ್ದಲ್ಲಿ ಹಕ್ಕು ಹುಟ್ಟುವುದಿಲ್ಲ. ಹಾಗಾದರೆ ನನ್ನ ವಾದ ಬಿತ್ತು. ಆದರೆ ಪಾತ್ರೆಯಲ್ಲಿ ವಾಪಸು ಬಂದ ಕಾಯಿ? ಅನುಮತಿ ಕೊಟ್ಟವನು ಅದರ ಮೇಲೆ ಕಾಯಿ ಯಾಕೆ ಕೊಡುತ್ತಾನೆ? ಅದನ್ನು ಯಾವ ಪಕ್ಷಕ್ಕೆ ಸೇರಿಸುವುದು? ಎರಡು ಮನೆಗಳು ಎರಡು ತಲೆಮಾರು ಬಾಯಿಬಿಟ್ಟು ಕೇಳದೆ, ಬಾಯಿಬಿಟ್ಟು ಹೇಳದೆ ನಡೆಸಿಕೊಂಡು ಬಂದದ್ದನ್ನು ನಾನು ಆಳುಗಳ ಎದುರು ಒಂದೇ ಪ್ರಶ್ನೆಯಲ್ಲಿ ಬಾಯಿಬಿಡಿಸಿದ್ದೆ. ತಡೆದಿಲ್ಲ ಎಂದರೆ ತೋಟ ಹೋಯಿತು. ತೋಟ ಉಳಿಯಬೇಕಾದರೆ ತಡೆಯಬೇಕು. ಅವರಿಗೆ ಬೇರೆ ದಾರಿಯನ್ನು ನಾನೇ ಉಳಿಸಿರಲಿಲ್ಲ. ಹಾಗೆಂದು ಅವರದು ಸರಿ ಎನ್ನಲೂ ಮನಸ್ಸು ಬರಲಿಲ್ಲ; ತಪ್ಪು ನನ್ನದು, ತಂತಿ ಮಾತ್ರ ಈಕೆಯ ಮಂಡಿಗೆ.

“ಅವರನ್ನ ಕೇಳಿ ನೋಡಿದ್ರಾ ಅಕ್ಕ?”

“ಏನಂತ ಕೇಳಾದು? ಇದುವರ್ಗೂ ಕೇಳೇ ಇಲ್ವಲ್ಲ.”

ಮಜ್ಜಿಗೆ ಮುಗಿಯುವವರೆಗೆ ಕುಳಿತು, ಆಮೇಲೆ ಫೋನು ತೆಗೆದೆ. ತೋಟದೊಳಗಿನ ಹತ್ತು ನಿಮಿಷದ ಗೆರೆಯನ್ನು ನಮ್ಮ ನಡಿಗೆ ನಕ್ಷೆಯಿಂದ ಅಳಿಸಿದೆ. ಟಾರು ರಸ್ತೆಯ ಮುಕ್ಕಾಲು ಗಂಟೆಯನ್ನು ಸೇರಿಸಿ, ‘ಲಾರಿ ಸಂಚಾರ, ಒಂದೇ ಸಾಲಿನಲ್ಲಿ ನಡೆಯಿರಿ, ನೆರಳಿಲ್ಲ’ ಎಂದು ಬರೆದೆ. ಮೇಲ್ವಿಚಾರಕಿಗೆ ಕರೆ ಮಾಡಿದೆ.

“ಅಲ್ಲಿ ದಾರಿ ಇಲ್ಲ ಮೇಡಂ.”

“ಇದೆ ಅಂತ ನೀನೇ ಅರ್ಧ ಗಂಟೆ ನನ್ನ ತಲೆ ತಿಂದೆಯಲ್ಲ?”

“ಹೌದು.”

“ಈಗ?”

“ಈಗ ಇಲ್ಲ.”

“ಎರಡನೇ ದಿನದ ಚೆಂದವೆಲ್ಲ ಅಲ್ಲೇ ಇತ್ತು ಕಣೇ. ಅರ್ಜಿ ಹಾಕಿದ್ರೆ ಆಗಲ್ವಾ? ಸಹಿ ಇದೆ ಅಂದೆ.”

“ಆ ಸಹಿ ನಮ್ಮ ಕೆಲಸಕ್ಕೆ ಬರಲ್ಲ,” ಎಂದೆ. ಯಾಕೆ ಎಂದು ಕೇಳಿದರು. ಜೀವನದಲ್ಲಿ ಮೊದಲ ಬಾರಿಗೆ, ಕಾರಣ ಕೊಡದೆ ಫೋನಿಟ್ಟೆ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮತ್ತೆ ಊರು ಮುಟ್ಟಿ ಕೊಬ್ಬರಿ ಅಂಗಳಕ್ಕೆ ಹೋದೆವು. ಅಕ್ಕನನ್ನೂ ಬರಹೇಳಿದ್ದೆ, ಅಂಗಳದ ಹೊರಗೆ, ಬೇವಿನ ಮರದ ಕೆಳಗೆ ನಿಂತರು. ಯಜಮಾನರು ಈ ಸಲ ಎಳನೀರು ತರಿಸಲಿಲ್ಲ. ಕೂರಿ ಎಂದರು. ನಾನು ಸಹಿಯ ಹಾಳೆ ತೆಗೆದು, ಅವರೆದುರೇ ನಾಲ್ಕಾಗಿ ಹರಿದು, ಬೆಂಚಿನ ಮೇಲಿಟ್ಟೆ.

“ನಮ್ಮ ತಂಡ ನಿಮ್ಮ ತೋಟಕ್ಕೆ ಬರಲ್ಲ. ನಕ್ಷೆಯಿಂದ ತೆಗೆದಿದ್ದೀನಿ. ಕಂಬಕ್ಕೆ ಬಣ್ಣ ಹಚ್ಚಿದ್ದು ತಪ್ಪು. ಆವತ್ತು ಮಾತಾಡಿದ್ದೂ. ಆ ಅಕ್ಕನ್ನ ಮಾತ್ರ ಮೊದಲಿನ ಹಾಗೆ ಬಿಡಿ.”

ಅವರು ಹರಿದ ತುಂಡುಗಳನ್ನು ಬೆರಳಿನಿಂದ ಜೋಡಿಸಿ ನೋಡಿದರು.

“ಇದನ್ನ ಹರಿದ್ರಿ. ನಾಳೆ ಇನ್ನೊಬ್ರು ಬಂದು ಇನ್ನೊಂದು ಬರೆಸಿದ್ರೆ? ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲಮ್ಮ. ನೀವು ಹೇಳಿದ್ ಮೇಲೆ ನನ್ನ ಮಗ ಕೇಳ್ದ, ಹೌದಾ ಅಪ್ಪಾಜಿ ಅಂತ. ಅವನೇ ತಂತಿ ತಂದ. ಈಗ ಬಿಡು ಅಂದ್ರೆ ಅವನಿಗೆ ಏನು ಹೇಳ್ಲಿ? ಒಂದು ಕಾಗದ ಬರೆದುಕೊಡಿ. ಅವಳಿಗೆ ಹಕ್ಕಿಲ್ಲ, ನಾನು ಬಿಟ್ಟಿದ್ದಕ್ಕೆ ಓಡಾಡ್ತಾಳೆ ಅಂತ. ಅವಳು ಸಹಿ ಹಾಕ್ಲಿ. ತಂತಿ ಈಗಲೇ ಬಿಚ್ಚಿಸ್ತೀನಿ.”

“ಅದನ್ನ ನಾನು ಬರೆಯಲ್ಲ,” ಎಂದೆ. ಹಾಗೆ ಬರೆದುಕೊಟ್ಟರೆ ಆಕೆಗೆ ಮುಂದೆಂದೂ ಯಾವ ಕಚೇರಿಯಲ್ಲೂ ವಾದಿಸಲು ಏನೂ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಕಲಿಸಿದವಳು ನಾನೇ.

ಬೇವಿನ ಮರದ ಕೆಳಗಿಂದ ದನಿ ಬಂತು. “ಬರಿ.”

“ಅಕ್ಕ, ಇದಕ್ಕೆ ಸಹಿ ಹಾಕಿದ್ರೆ...”

“ಗೊತ್ತಾಯ್ತು ಕಣವ್ವ, ನಾನೇನ್ ಕಿವುಡಿ ಅಲ್ಲ. ಐದು ದಿನದಿಂದ ಬೆಳಿಗ್ಗೆ ಹಾಲ್ಗೆ ಹೆಪ್ಪು ಹಾಕಿ ಹಾಕಿ ಮನೇಲಿ ಮೊಸರು ಇಡಾಕೆ ಪಾತ್ರೆ ಇಲ್ಲ. ನಿನ್ನ ಹಕ್ಕು ಮಡಿಕ್ಕಂಡು ನಾನೇನ್ ಕಡೀಲಾ? ಬರಿ.”

ಆಳೊಬ್ಬ ನಕ್ಕ. ಈ ಸಲದ ನಗು ನನ್ನ ಪರವಾಗಿರಲಿಲ್ಲ.

ಪುಸ್ತಕದಿಂದ ಹಾಳೆ ಹರಿದು ಬರೆದೆ. ತೋಟದೊಳಗೆ ಓಡಾಡಲು ನನಗೆ ಯಾವ ಹಕ್ಕೂ ಇರುವುದಿಲ್ಲ. ಯಜಮಾನರ ಒಪ್ಪಿಗೆಯ ಮೇಲೆ ಡೇರಿಗೆ ಹೋಗಿಬರುತ್ತಿದ್ದೇನೆ. ಅಷ್ಟು ಬರೆದು ಪೆನ್ನು ನಿಂತಿತು. ಆಮೇಲೆ, ಯಾರೂ ಕೇಳದೆ, ಮೂರನೆಯ ವಾಕ್ಯ ಸೇರಿಸಿದೆ: ಈ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದಾದರೆ ಒಂದು ತಿಂಗಳು ಮುಂಚಿತವಾಗಿ ತಿಳಿಸತಕ್ಕದ್ದು.

ಯಜಮಾನರು ಕನ್ನಡಕ ಏರಿಸಿ ಓದಿದರು. ಮೂರನೆಯ ವಾಕ್ಯಕ್ಕೆ ಬಂದಾಗ ಕಣ್ಣೆತ್ತಿದರು.

“ಇದನ್ಯಾಕೆ ಸೇರ್ಸಿದ್ರಿ?”

ನನ್ನಲ್ಲಿ ಮೂರು ಉತ್ತರಗಳಿದ್ದವು, ಮೂರೂ ಗೆಲ್ಲುವಂಥವು. ಒಂದನ್ನೂ ತೆಗೆಯದೆ ಪೆನ್ನಿಗೆ ಮುಚ್ಚಳ ಹಾಕಿದೆ. ಸರ್ವೆಯರ್ ಕೆಮ್ಮಿದರು.

“ತಿಂಗಳು ಹೆಚ್ಚಾಯ್ತು. ಹದಿನೈದು ದಿನ ಮಾಡಿ.”

ತಿದ್ದಿದೆ. ಅಕ್ಕ ಒಳಗೆ ಬಂದು, ಕೂರದೆ, ಓದು ಎಂದರು. ಓದಿದೆ. ‘ಯಾವ ಹಕ್ಕೂ ಇರುವುದಿಲ್ಲ’ ಎಂಬಲ್ಲಿ, “ಅದ್ನ ಇನ್ನೊಂದ್ಸಲ ಓದು,” ಎಂದರು. ಮತ್ತೆ ಓದಿದೆ. ಡೇರಿಯ ಪುಸ್ತಕದಲ್ಲಿ ದಿನಾ ರುಜು ಹಾಕುವ ಕೈ, ಅಕ್ಷರ ಬಿಡಿಬಿಡಿಯಾಗಿ ಸಹಿ ಮಾಡಿತು. ಹಾಳೆಯನ್ನು ಯಜಮಾನರ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು.

“ಇನ್ನೊಂದು ಬರ್ಕೊಡು.”

“ಯಾರಿಗೆ?”

“ನಂಗೆ.”

“ನಿನಗ್ಯಾಕೆ? ನಾನಿಲ್ವಾ?” ಎಂದರು ಯಜಮಾನರು, ನಿಜವಾಗಿಯೂ ನೊಂದಂತೆ.

“ನೀವಿರೋಗಂಟ ಸರಿ ಯಜಮಾನ್ರೇ. ತಂತಿ ತಂದೋರು ನೀವಲ್ವಲ್ಲ. ಕಾಗ್ದ ಅಂತ ಶುರು ಮಾಡ್ದ್ ಮೇಲೆ ನಂತಾವೂ ಒಂದಿರ್ಲಿ. ಅದ್ಕೆ ನೀವ್ ಸೈನ್ ಹಾಕಿ.”

ಯಜಮಾನರು ನನ್ನನ್ನು ನೋಡಿದರು, ಇದನ್ನೂ ನಾನೇ ಹೇಳಿಕೊಟ್ಟೆನೆಂಬಂತೆ. ಹೇಳಿಕೊಟ್ಟಿರಲಿಲ್ಲ. ಹಕ್ಕಿಲ್ಲವೆಂದು ಹೇಳುವ ಕಾಗದವನ್ನು ಆಕೆ ಹಕ್ಕಿನಂತೆ ಕೇಳುತ್ತಿದ್ದರು. ಅದು ಸೋತವರ ಕೊನೆಯ ಮಾತೋ ಗೆದ್ದವರ ಮೊದಲ ಮಾತೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಬರೆದುಕೊಟ್ಟೆ. ಯಜಮಾನರು ಸಹಿ ಮಾಡಿದರು. ಅಕ್ಕ ಅದನ್ನು ಮಡಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

ಸಂಜೆಯ ಹಾಲು ಕರೆಯುವ ಹೊತ್ತಾಗುತ್ತಿತ್ತು. ಆಳೊಬ್ಬ ಇಕ್ಕಳ ಹಿಡಿದು ಮುಂದೆ, ಅಕ್ಕ ಅವನ ಹಿಂದೆ, ನಾವಿಬ್ಬರೂ ಅವರ ಹಿಂದೆ ತೋಟದೊಳಗೆ ನಡೆದೆವು. ನಮಗೂ ಹಾರನಹಳ್ಳಿಯ ಕಡೆಗೇ ಹೋಗಬೇಕಿತ್ತು. ಐದು ಸುತ್ತಿನಲ್ಲಿ ಮೂರು ಬಿಚ್ಚುವಷ್ಟರಲ್ಲೇ ಆಕೆ ಸೀರೆ ಎತ್ತಿ ಹಿಡಿದು, ಅಡ್ಡ ತಿರುಗಿ, ಮಂಡಿಗೊಂದು ಬೈದು, ಆಚೆ ನುಸುಳಿದರು. ನಾನು ಬೆನ್ನಚೀಲ ಇಳಿಸಿ ಕಂಬದ ಹತ್ತಿರ ಹೋದೆ. ಆಕೆ ಕೈ ಅಡ್ಡ ಹಿಡಿದರು.

“ನೀನು ಇಲ್ಲಿಂದ ಬರಬ್ಯಾಡ ಕಣವ್ವ. ಕಾಗ್ದದಲ್ಲಿ ನಿನ್ನ ಹೆಸ್ರಿಲ್ಲ.”

ತಮಾಷೆಯೋ ಎಂದು ಮುಖ ನೋಡಿದೆ. ಅಲ್ಲ. ಆಳು ಇಕ್ಕಳ ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಆ ಮಾತಿನಲ್ಲಿ ಎಷ್ಟು ಹುಡುಕಿದರೂ ಒಂದು ದುರ್ಬಲ ಕೊಂಡಿ ಸಿಗಲಿಲ್ಲ. ಚೀಲ ಮತ್ತೆ ಏರಿಸಿಕೊಂಡೆ. ನಾನೂ ಸರ್ವೆಯರೂ ಬಂದ ದಾರಿಯಲ್ಲೇ ತಿರುಗಿ, ಕೊಬ್ಬರಿ ಅಂಗಳ ದಾಟಿ, ಟಾರು ರಸ್ತೆಗೆ ಇಳಿದು, ಲಾರಿಗಳಿಗೆ ಬದಿ ಬಿಡುತ್ತ ಒಂದೇ ಸಾಲಿನಲ್ಲಿ ನಡೆದೆವು.